ಒಂದೇ ಸಲ ಕರೆದ ದನಿ

ಗಿಂಡಿ, ಚೆನ್ನೈ
11-9-2004

ಯಜಮಾನರಿಗೆ ನಾಗಮಣಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಮಂಡ್ಯದಲ್ಲಿ ತಂಗಿಯ ಮನೆಯ ಊಟ ಒಗ್ಗಿದೆಯೇ? ಅಂಬುಜಾ ಸಾರಿಗೆ ಬೆಲ್ಲ ಹಾಕುವವಳಲ್ಲ, ನೀವು ಬಾಯಿಬಿಟ್ಟು ಕೇಳುವವರೂ ಅಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾನು ಗಟ್ಟಿಯಾಗಿದ್ದೇನೆ. ನೀರಿನ ಲಾರಿ ದಿನ ಬಿಟ್ಟು ದಿನ ಬರುತ್ತದೆ. ಕೆಳಮನೆಯ ಮಾಮಿ ಮೇಲೆ ಬಂದಾಗಲೆಲ್ಲ ನಮ್ಮ ಬಾಗಿಲ ಮೇಲೆ ನೀವು ಇದ್ದಿಲಲ್ಲಿ ಬರೆದ "ನಾಳೆ ಬಾ" ನೋಡಿ "ಇದೆನ್ನ ಮಂತ್ರಮಾ?" ಅನ್ನುತ್ತಾರೆ. ನಮ್ಮ ಕಡೆ ದೆವ್ವ ಮನೆಯವರ ದನಿಯಲ್ಲೇ ಬಾಗಿಲಲ್ಲಿ ಒಂದೇ ಸಲ ಕರೆಯುತ್ತದೆ, ಅದಕ್ಕೆ ಓಗೊಟ್ಟರೆ ಕೆಟ್ಟೆವು, ಹೀಗೆ ಬರೆದಿಟ್ಟರೆ ಓದಿಕೊಂಡು ಹಿಂದಿರುಗುತ್ತದೆ ಎಂದೆಲ್ಲ ವಿವರಿಸುವಷ್ಟು ತಮಿಳು ನನಗೆಲ್ಲಿದೆ? ಹೌದು, ಮಂತ್ರವೇ ಅಂದುಬಿಟ್ಟೆ.

ಪ್ರಮೋದ ಕಾಮಾಲೆಯಲ್ಲಿ ಹೋಗಿ ವರ್ಷ ತುಂಬುತ್ತ ಬಂತು. ದೀಪ ಹಚ್ಚುವ ಹೊತ್ತಿಗೆ ಅವನು ಹೊರಗಿನಿಂದ ಕರೆಯುತ್ತಾನೆ ಎಂದು ನೀವು ಹೇಳಿದಾಗ ನಾನು ನಂಬಲಿಲ್ಲ. ನೀವು ಬಾಗಿಲಿಗೆ ಬರೆದಿರಿ, ಅದೂ ಸಾಲದೆ ರೈಲು ಹತ್ತಿದಿರಿ. ರೈಲ್ವೆಯಲ್ಲಿ ಆಯುಸ್ಸು ಕಳೆದವರು ಹೆತ್ತ ಮಗನ ದನಿಗೆ ಹೆದರಿದಿರಿ. ಕೋಪಿಸಿಕೊಳ್ಳಬೇಡಿ, ನಿಮ್ಮನ್ನಲ್ಲದೆ ನಾನು ಇನ್ನು ಯಾರನ್ನು ಅನ್ನಲಿ.

ನಿಶಾಂತನ ಸಿನಿಮಾಕ್ಕೆ ಪ್ರಶಸ್ತಿ ಬಂತು. ನೀವು ಹೆಸರೆತ್ತಬೇಡ ಅಂದಿದ್ದ ಅದೇ ನಿಶಾಂತ್. "ಬಾಳೋದಾದ್ರೆ ಇವನ ಜೊತೇನೇ ಅಪ್ಪ" ಎಂದು ಪ್ರಮೋದ ನಿಮ್ಮೆದುರು ಕರೆತಂದು ನಿಲ್ಲಿಸಿದ್ದ ಹುಡುಗ, ಅವನು ಹೋದ ಹದಿಮೂರನೆಯ ದಿನ ನೀವು ಹೊಸ್ತಿಲಿಂದಲೇ ಹಿಂದಕ್ಕೆ ಕಳಿಸಿದ ಹುಡುಗ. ಸಿನಿಮಾದಲ್ಲಿರುವುದೂ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆಯೇ. ವಡಪಳನಿಯ ಪ್ರಿವ್ಯೂ ಥಿಯೇಟರಿಗೆ ಬನ್ನಿ ಎಂದು ಫೋನ್ ಮಾಡಿದ, ನಿಮ್ಮನ್ನು ಕೇಳದೆ ಹೋದೆ. ನಾಯಕನಾದವನು ಮಲಯಾಳಿ, ಕನ್ನಡ ಬಾರದು. ಅವನಿಗೆ ದನಿ ಕೊಟ್ಟವನು ನಮ್ಮ ಪ್ರಮೋದ. ಡಬ್ಬಿಂಗ್ ಮುಗಿಸಿ ಬಂದ ಮೇಲೇ ಅಲ್ಲವೇ ಅವನು ಹಾಸಿಗೆ ಹಿಡಿದದ್ದು. ಇದೆಲ್ಲ ಗೊತ್ತಿದ್ದೂ, ಆ ಕತ್ತಲಲ್ಲಿ ಬೇರೆ ಯಾರದೋ ಬಾಯಿಂದ ನನ್ನ ಮಗ ಮಾತಾಡಿದಾಗ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ. ಮಾತಿಗೆ ಮುಂಚೆ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವುದೂ ಅವನದೇ. ಆ ದನಿ ಇನ್ನೊಬ್ಬ ಹುಡುಗನನ್ನು "ಊಟ ಮಾಡಿದ್ಯಾ?" ಎಂದು ಕೇಳಿತು. ನನ್ನ ಹತ್ತಿರವೂ ಅವನು ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ಹೊಟ್ಟೆ ಉರಿಯಿತು, ಸಂತೋಷವೂ ಆಯಿತು.

ಕೊನೆಯಲ್ಲಿ ನಾಯಕ ತನ್ನ ಮನೆ ಬಾಗಿಲಿಗೆ ಬಂದು ಕರೆಯುತ್ತಾನೆ. "ಅಮ್ಮಾ, ಬಾಗ್ಲು ತೆಗಿ." ಒಂದೇ ಸಲ. ಪರದೆಯ ಮೇಲಿನ ತಾಯಿ ಏಳುವುದಿಲ್ಲ. ನಾನು ಎದ್ದು ನಿಂತು "ಬಂದೆ ಮಗಾ" ಅಂದುಬಿಟ್ಟೆ. ಮೊದಲ ಕರೆಗೆ ಓಗೊಡಬಾರದು ಎಂದು ಬುದ್ಧಿ ಬಂದಾಗಿನಿಂದ ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಥಿಯೇಟರಿನಲ್ಲಿ ಯಾರೂ ನಗಲಿಲ್ಲ. ನಿಶಾಂತ್ ಬಂದು ನನ್ನ ಕೈಹಿಡಿದು ಕೂರಿಸಿದ.

ಅಂದಿನಿಂದ ಮನೆ ಒಂದು ಥರ ಆಗಿದೆ. ಮೊಳೆಗೆ ನೇತುಹಾಕಿದ ಪ್ರಮೋದನ ಬೀಗದಕೈ ಫ್ಯಾನ್ ನಿಂತಿದ್ದರೂ ಅಲುಗುತ್ತದೆ. ಅಡುಗೆಮನೆಯಲ್ಲಿರುವಾಗ ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಗುತ್ತದೆ, ಹೋಗಿ ನೋಡಿದರೆ ನನ್ನದೊಂದೇ ಜೊತೆ. ಹೆದರಿಕೆ ಇಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ದೆವ್ವವೇ ಆದರೂ ನಮ್ಮ ಮಗ ತಾನೇ. ನಾಳೆ ಬಾ, ನಾಳೆ ಬಾ ಎಂದು ಎಷ್ಟು ದಿನ ಅಂತ ಅವನನ್ನು ಹಿಂದಕ್ಕೆ ಕಳಿಸುವುದು?

ವರ್ಷಾಬ್ದಿಕ ನೀವಿಲ್ಲದೆ ಆಗುವುದಿಲ್ಲ, ಬನ್ನಿ. ಅಂಬುಜಾಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ಮಳೆ ಬಂದರೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ನಾಗಮಣಿ

ಪತ್ರ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಬೆಳಗ್ಗೆ ಇದನ್ನು ಬರೆದು ಮುಗಿಸಿದವಳೇ ಒದ್ದೆ ಬಟ್ಟೆಯಲ್ಲಿ ಬಾಗಿಲ ಬರಹ ಒರೆಸಿದ್ದೆ. ಈಗ ದೀಪ ಹಚ್ಚುವಾಗ "ಅಮ್ಮಾ" ಎಂದು ಕರೆದ. ನೀವು ಹೇಳಿದ್ದು ನಿಜ, ಅವನದೇ ದನಿ, ಒಂದೇ ಸಲ. ಬಾಗಿಲು ತೆರೆದೆ. ಪ್ರಶಸ್ತಿಯ ಫಲಕ ಚೀಲದಲ್ಲಿಟ್ಟುಕೊಂಡು ನಿಶಾಂತ್ ನಿಂತಿದ್ದ. ತಾನು ಕರೆದೇ ಇಲ್ಲ, ಬೆಲ್ ಕೂಡ ಇನ್ನೂ ಒತ್ತಿರಲಿಲ್ಲ ಅನ್ನುತ್ತಾನೆ. ಒಳಗೆ ಕರೆದು ಪ್ರಮೋದನ ತಟ್ಟೆಯಲ್ಲಿ ಬಡಿಸಿದ್ದೇನೆ, ಉಣ್ಣುತ್ತಿದ್ದಾನೆ. ವರ್ಷಾಬ್ದಿಕದ ದಿನವೂ ಇವನು ಹೊಸ್ತಿಲ ಒಳಗೇ ಇರುತ್ತಾನೆ. ಅದು ತಿಳಿದೇ ಬನ್ನಿ.