ಒದ್ದೆ ಗೋಣಿಯ ಗಡಿಯಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಬೆವರುತ್ತಿರುವ ಗಣ್ಯರೇ, ಕೈಗೆ ಗಡಿಯಾರ ಕಟ್ಟಿಯೂ ತಡವಾಗಿ ಬಂದ ಸಮಸ್ತ ಸಭಿಕರೇ! ತೀರಿಹೋದ ನನ್ನ ಸೋದರಮಾವನಿಗೆ ಬರೆದ ಪತ್ರವೊಂದನ್ನು ತಮ್ಮ ಸಮ್ಮುಖದಲ್ಲಿ ಓದುತ್ತೇನೆ.

ಪ್ರೀತಿಯ ಮಾಮಾ,

ಜೇವರ್ಗಿಯ ನಿಮ್ಮ ಗಡಿಯಾರ ರಿಪೇರಿ ಅಂಗಡಿ ನೆನಪಾಗುತ್ತದೆ. ನಾನು ಬಿ.ಎಸ್ಸಿ. ಮುಗಿಸಿ, ಜಗತ್ತಿನ ನಿಯಮಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಬೇಸಿಗೆ. "ಲೇ ಬಿ.ಎಸ್ಸಿ., ಗಡಿಯಾರಕ್ಕೂ ಧಗಿ ಆಗ್ತದ. ಬ್ಯಾಸಗ್ಯಾಗ ಹಿಂದ ಬೀಳ್ತದ, ನಾ ನೋಡೇನಿ. ತಂಪಿಟ್ರ ಖರೇ ಟೈಮ್ ಹೇಳ್ತದ" ಎಂದಿರಿ. ಎರಡು ಲೋಲಕದ ಗಡಿಯಾರಗಳನ್ನು ರೇಡಿಯೋ ಟೈಮಿಗೆ ಹೊಂದಿಸಿ, ಒಂದರ ಪೆಟ್ಟಿಗೆಗೆ ಗೋಣಿ ಸುತ್ತಿ, ತಿಂಗಳಿಡೀ ನೀರು ಚಿಮುಕಿಸಿದಿರಿ. ನಾನು ಅಣಕಿಸಿ ಪದ ಕಟ್ಟಿದೆ:

"ಬಿಸಿಲಿಗೆ ಜ್ವರ ಬಂತು ಗಡಿಯಾರಕ್ಕ,
ಒದ್ದೆ ಗೋಣಿ ತಂದ್ರು ಉಪಚಾರಕ್ಕ!"

ಊರೆಲ್ಲ ಹಾಡಿತು.

ನಿಮ್ಮ ಪ್ರಯೋಗದ ಫಲಿತಾಂಶದ ಆ ಬೆಳಿಗ್ಗೆ... ರೇಡಿಯೋ ಟೈಮು ಹೇಳಿತು. ಗೋಣಿ ಬಿಚ್ಚಿದರೆ, ತಂಪಿನ ಗಡಿಯಾರವೇ ಹೆಚ್ಚು ಹಿಂದೆ! "ಏನ್ರೀ ಕಾಕಾ, ಜ್ವರ ಇಳಿಲಿಲ್ಲೇನ್ರಿ?" ಎಂದು ಪಾನಂಗಡಿ ಬಸಣ್ಣ ನಕ್ಕ. ನೀವು ಗೋಣಿ ಹಿಂಡಿ ಒಣಹಾಕಿದಿರಿ. "ಹೋಗ್ಲಿ ಬಿಡಪಾ, ಓದಿದಾಂವ ನೀ. ನಂದೇ ತಪ್ಪು." ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲ.

ಮೊನ್ನೆ ನಾನು ಪಾಠ ಮಾಡುವ ಶಾಲೆಯ ವಾಚನಾಲಯದಲ್ಲಿ ವಿಜ್ಞಾನ ಪತ್ರಿಕೆಯೊಂದನ್ನು ಓದಿದೆ. ಪರಮಾಣುಗಳ ಮೇಲೆ ಸುತ್ತಲಿಂದ ಲೇಸರ್ ಬೆಳಕು ಬಿಟ್ಟು ಅವುಗಳ ಓಟವನ್ನೇ ತಡೆಯುತ್ತಾರಂತೆ. ಓಟ ತಗ್ಗಿದರೆ ತಂಪು. ಬೆಳಕಿನಿಂದ ತಂಪು, ಮಾಮಾ! ನಮ್ಮ ಬಿಸಿಲಲ್ಲಿ ಬೆಳೆದವನು ಹೇಗೆ ನಂಬಲಿ? ಹಾಗೆ ತಣ್ಣಗಾದ ಪರಮಾಣುವಿನ ಮಿಡಿತ ಎಣಿಸುವ ಗಡಿಯಾರ, ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಒಂದು ಸೆಕೆಂಡೂ ತಪ್ಪುವುದಿಲ್ಲವಂತೆ.

ಇಜೇರಿ ಹಳ್ಳಿಯ ಗೌಡರ ಗಡಿಯಾರವನ್ನು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಿರಲ್ಲ, ಅಲುಗಿದರೆ ನಡಿಗೆ ಕೆಡುತ್ತದೆಂದು? ಈಗ ಕೋಣೆ ತುಂಬುವ ಆ ಲೇಸರ್ ತಂಪಿನ ಯಂತ್ರವನ್ನೂ ಪೆಟ್ಟಿಗೆಯಷ್ಟು ಮಾಡಿ ಹೊತ್ತೊಯ್ಯಲು ಹೊರಟಿದ್ದಾರಂತೆ. ನೀವಿದ್ದಿದ್ದರೆ...

ಸಭೆಯಿಲ್ಲ, ಮಾಮಾ. ಅಧ್ಯಕ್ಷರೂ ಇಲ್ಲ. ಖಾಲಿ ತರಗತಿಯಲ್ಲಿ ಒಬ್ಬನೇ ಕೂತಿದ್ದೇನೆ. ಕಾದರೆ ಲೋಹ ಹಿಗ್ಗುತ್ತದೆ, ಲೋಲಕ ನಿಧಾನವಾಗುತ್ತದೆ ಎಂದು ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಅದು ನೆನಪಾದದ್ದು ನನ್ನ ಪದ ಊರಿಗೆ ಹಿಡಿಸಿದ ಮೇಲೆ. ಆ ಬೆಳಿಗ್ಗೆ ನೀವು ಚಹಾಕ್ಕೆ ಹೋದಾಗ ಗೋಣಿ ಸರಿಸಿ ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿದವನು ನಾನು. ಅದಕ್ಕೂ ಮೊದಲು ನಿಮ್ಮ ಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು.