ಇರುವೆ ಸಾಕುವವಳಿಗೆ ವೋಟು

ಎಲೆನ್‌ಬ್ರೂಕ್, ಪರ್ತ್
ಭಾನುವಾರ, 18 ಅಕ್ಟೋಬರ್ 2015

ಕವನಾಳ ಅಪ್ಪನಿಗೆ, ವಿಶಾಲಾಕ್ಷಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಸುಮತಿ ದಿನಾ ಬಂದು ಅಡುಗೆ ಮಾಡಿಕೊಡುತ್ತಿದ್ದಾಳೆ ತಾನೆ? ಮೈಸೂರಿನಲ್ಲಿ ಹೇಳುವವರಿಲ್ಲ ಅಂತ ಉಪ್ಪಿನಕಾಯಿ ಬಡಿಸಿಕೊಳ್ಳಬೇಡಿ, ಬಿ.ಪಿ. ಏರುತ್ತದೆ. ನಾನು ಆರಾಮ. ಈಗ ಕೂತು ಓದಿ: ನಿಮ್ಮ ಮಗಳು ಗೆದ್ದಳು! ನಮ್ಮ ಕವನಾ ಇನ್ನು ಇಲ್ಲಿನ ಕೌನ್ಸಿಲರ್.

ಅವಳ ಮನೆಯ ಹಿಂದಿನ ಕುರುಚಲು ಕಾಡನ್ನು ನೆಲಸಮ ಮಾಡಿ ಕಾರ್ ಪಾರ್ಕಿಂಗ್ ಮಾಡುತ್ತಾರೆಂದು ಗೊತ್ತಾದಾಗಲೇ ಅವಳು ಚುನಾವಣೆಗೆ ನಿಂತದ್ದು. ವಾರವೆಲ್ಲ ಸಿಟಿಯ ಬ್ಯಾಂಕಿನಲ್ಲಿ ದುಡಿಯುವವಳು, ಶನಿವಾರ ಬಂತೆಂದರೆ ಆ ಕಾಡಿನಲ್ಲಿ ಬೋರಲು ಮಲಗಿ ಇರುವೆ ನೋಡುತ್ತಾಳೆ. ಅಳಿಯ ಉತ್ತಮ್ ಪಾಪ, ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿರುತ್ತಾನೆ. ಅಲ್ಲಿ ಅವಳಿಗೆ ಸಿಕ್ಕ ಒಂದು ಕೆಂಚು ಇರುವೆಯನ್ನು ಈವರೆಗೆ ಯಾರೂ ಗುರುತಿಸಿಯೇ ಇಲ್ಲ ಎಂದು ಮ್ಯೂಸಿಯಮ್ಮಿನವರೇ ಹೇಳಿದ್ದಾರೆ.

ಹೋದ ತಿಂಗಳು ಚುನಾವಣೆಯ ಸಭೆ ನಡೆಯಿತು. ಎದುರಾಳಿ ಎದ್ದು, ಬ್ಯಾಂಕಿನವಳಿಗೆ ಇರುವೆ ಹುಚ್ಚು, ಅದರ ಮೇಲೆ ವೋಟು ಬೇರೆ ಬೇಕಂತೆ ಎಂದು ಜನರನ್ನು ನಗಿಸಿದ. ಉತ್ತಮ್ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಕವನಾ ನಗುತ್ತಲೇ ಎದ್ದು ತಾನು ಇರುವೆ ಸಾಕಿದ ಗಾಜಿನ ಗೂಡೊಂದನ್ನು ಮೇಜಿನ ಮೇಲಿಟ್ಟಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಜಾನ್ ಲಬಕ್ ಎಂಬ ಬ್ಯಾಂಕರ್ ಇದ್ದ, ಪಾರ್ಲಿಮೆಂಟಿಗೆ ಹೋಗಿ ಬ್ಯಾಂಕಿನವರಿಗೆ ರಜೆ ಕೊಡಿಸುವ ಕಾನೂನು ತಂದ, ಮನೆಯಲ್ಲಿ ಹೀಗೇ ಗಾಜಿನ ನಡುವೆ ಇರುವೆ ಸಾಕಿ, ಅವುಗಳಿಗೆ ಬಣ್ಣದ ಚುಕ್ಕೆಯಿಟ್ಟು ಅಭ್ಯಾಸ ಮಾಡಿದ ಎಂದಳು. ಆಮೇಲೆ, "ಇರುವೆ ಸಾಕೋನಿಗೂ ಜನ ವೋಟ್ ಹಾಕಿದ್ರು. ನೀವೂ ಹಾಕ್ಬಹುದು," ಎಂದಳಂತೆ. ಸಭೆಗೆ ಸಭೆಯೇ ಚಪ್ಪಾಳೆ! ಗೂಡು ನೋಡಲು ಜನ ಸಾಲುಗಟ್ಟಿದರು. ಕನ್ನಡಕ ಒರೆಸಿಕೊಂಡು ಆ ಎದುರಾಳಿಯೂ ಬಂದು ಬಗ್ಗಿ ನೋಡಿದ.

ನಿನ್ನೆ ಸಂಜೆ ಫಲಿತಾಂಶ ಬಂತು. "ಅಮ್ಮಾ, ಗೆದ್ಬಿಟ್ಟೆ!" ಎಂದು ನನ್ನನ್ನು ಎತ್ತಿ ಸುತ್ತಿಸಿಬಿಟ್ಟಳು, ನನ್ನ ಸೊಂಟದ ಗತಿ ಕೇಳಬೇಡಿ. ಗೆದ್ದ ಉಳಿದವರೂ ಕಾಡಿನ ಪರ ಕೈಯೆತ್ತುತ್ತೇವೆಂದು ಮಾತು ಕೊಟ್ಟಿದ್ದಾರೆ. ಇನ್ನು ಅಲ್ಲಿ ಒಂದು ಗಿಡವನ್ನೂ ಯಾರೂ ಮುಟ್ಟುವಂತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ನನಗೆ ಅಷ್ಟು ಸಾಕು.

ನಿಮ್ಮ
ವಿಶಾಲಾಕ್ಷಿ

ತಾ.ಕ.: ಈ ಕಾಗದದ ಫೋಟೊ ತೆಗೆದು ನಿಮಗೆ ವಾಟ್ಸಾಪ್ ಮಾಡಲು ಉತ್ತಮ್ ಕಾದಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಂದು ಕೀಟಶಾಸ್ತ್ರದ ಎಂ.ಎಸ್ಸಿ.ಗೆ ಸೇರುತ್ತೇನೆಂದವಳಿಗೆ ನೀವು "ಇರುವೆ ಊಟ ಹಾಕತ್ತೇನೇ?" ಅಂದಿರಿ. ಅಂದಿನಿಂದ ನಿಮ್ಮೆದುರು ಅವಳು ಆ ಮಾತನ್ನೇ ಎತ್ತಿಲ್ಲ. ನಾಡಿದ್ದು ಪ್ರಮಾಣವಚನ. ಅದಕ್ಕೆ ಮೊದಲು ನೀವಾಗಿಯೇ ಫೋನ್ ಮಾಡಿ. ಗೆದ್ದದ್ದಕ್ಕೆ ಶಹಬ್ಬಾಸ್ ಆಮೇಲೆ ಹೇಳಿದರಾಯಿತು, ಮೊದಲು ಆ ಕೆಂಚು ಇರುವೆಯ ಬಗ್ಗೆ ಕೇಳಿ.