ಯಾರೂ ಮುಟ್ಟದ ಕೆಂಪು

ಮಾಸೂರು, ೧೯೮೯

ಅವ್ವಾ,

ನೀನಿಲ್ಲ, ಆದರೂ ಹೇಳುತ್ತೇನೆ. ನಿನ್ನ ಹೆಸರು ಹಿಡಿದು, ಗುತ್ತೆವ್ವ ಮುಟ್ಟಿದ್ದಕ್ಕೇ ಬೋರಿನ ನೀರಿಗೆ ಕೆಂಪು ಲೋಳೆ ಬಂತೆಂದು ಊರು ನಿನ್ನನ್ನೂ ನಮ್ಮ ಕೇರಿಯನ್ನೂ ಕಾಲುವೆಗೆ ಅಟ್ಟಿತ್ತು. ಆ ಕಾಲುವೆ ನೀರು ಕುಡಿದೇ ನಿನಗೆ ವಾಂತಿಭೇದಿಯಾಯಿತು. ಆ ಮಾತು ಬಿಡು.

ಇವತ್ತು ನಾನು ಅದೇ ಬೋರಿನ ಕೈಪಂಪಿನ ಕಟ್ಟೆ ಹತ್ತಿದೆ. ಲೋಳೆಯನ್ನು ಅಂಗೈಗೆ ಬಳಿದುಕೊಂಡು, ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದನ್ನು ಕೂಗಿ ಹೇಳಿದೆ: "ಇದು ಮೈಲಿಗಿ ಅಲ್ರಿ, ಕಬ್ಬಿಣ ತಿಂದು ಬದುಕೋ ಜೀವಾಣು. ಸಮುದ್ರದ ತಳದಾಗ, ಕುದಿನೀರಿನ ಬುಗ್ಗಿ ಬಾಯಾಗೂ ಇಂಥದ ಕೆಂಪು ಲೋಳಿ ಐತಿ. ಬಿಸಲೂ ಹೋಗದ ಆ ಜಾಗಕ್ಕ ನಮ್ಮವ್ವ ಕೊಡ ಹೊತ್ಕೊಂಡು ಹೋಗಿದ್ಳೇನು?"

ಗೌಡ ನಕ್ಕ. "ಸಮುದ್ರದ ತಳ ನೀ ನೋಡೀಯೇನಲೇ?"

"ಇಲ್ರಿ. ನೀವು ಮೈಲಿಗಿ ನೋಡೀರೇನು? ಯಾವ ಬಣ್ಣ ಐತ್ರಿ?"

ನಿನ್ನ ತಂಗಿ ಕರೆವ್ವ ಗುಂಪು ಸೀಳಿಕೊಂಡು ಬಂದು ಪಂಪಿನ ಹಿಡಿಗೆ ಕೈಹಾಕಿದಳು. "ಸರೀರಿ ಗೌಡ್ರ, ನೀರು ತುಂಬೂದೈತಿ."

ಗೌಡ ಸರಿದ, ಅವ್ವಾ. ಕರೆವ್ವ ಮೊದಲ ಕೊಡವನ್ನು ಯಾರಿಗೂ ಕೊಡಲಿಲ್ಲ. ನಿನ್ನನ್ನು ಹೂತ ದಿಬ್ಬಕ್ಕೆ ಹೊತ್ತೊಯ್ದು ಪೂರ್ತಿ ಸುರಿದಳು. ಎರಡನೆಯ ಕೊಡಕ್ಕೆ ಕೇರಿಯೆಲ್ಲ ಸಾಲು ನಿಂತಿತ್ತು. ನಾಳೆಯೂ ನಿಲ್ಲುತ್ತೇವೆ. ತಡೆಯುವವರು ಬರಲಿ.

ನಿನ್ನ ಮೈಲಾರಿ